ಬೆಡ್‌ಶೀಟು ಮಡಿಸುವ ಹೆಂಗಸು

ತಂತಿ ಟೀಚರಿಗೆ ಆ ಹೆಸರಿಟ್ಟವರು ಅವರ ವಿದ್ಯಾರ್ಥಿನಿಯರೇ. ಶಾಲೆಯ ಲೆಕ್ಕದಲ್ಲಿ ಅವರು ಚಿತ್ರಕಲೆಯ ಶಿಕ್ಷಕಿ. ಆದರೆ ಬಣ್ಣ, ಕುಂಚ, ಕಾಗದ ಎಂದು ಬಾಯಿಬಿಟ್ಟಾಗಲೆಲ್ಲ ಹೆಡ್‌ಮಾಸ್ಟರು "ಮುಂದಿನ ವರ್ಷ ನೋಡೋಣ ಟೀಚರ್" ಎಂದು ಮೂಗಿಗೆ ತುಪ್ಪ ಸವರುತ್ತಲೇ ಬಂದಿದ್ದರಿಂದ, ಪುಕ್ಕಟೆ ಸಿಗುವುದರಲ್ಲೇ ಪಾಠ ಮಾಡುವುದು ಅವರಿಗೆ ರೂಢಿಯಾಗಿಹೋಗಿತ್ತು. ಪುಕ್ಕಟೆ ಸಿಗುವುದೆಂದರೆ ಗುಜರಿ. ಸೈಕಲ್ ಚಕ್ರದ ಕಡ್ಡಿ, ತುಂಡಾದ ಚೈನು, ಎಣ್ಣೆ ಡಬ್ಬದ ತಗಡು, ಸುಟ್ಟುಹೋದ ಫ್ಯಾನಿನೊಳಗಿನ ತಾಮ್ರದ ತಂತಿ. ಶಾಲೆಯ ಹಿಂದೆ ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆಯನ್ನು ತಾವೇ ಗುಡಿಸಿ, ಬೆಂಚುಗಳನ್ನು ಗೋಡೆಗೆ ಸರಿಸಿ, ಅಲ್ಲಿ ಮಕ್ಕಳಿಗೆ ತಂತಿಯಲ್ಲಿ ಬೊಂಬೆ ಮಾಡುವುದನ್ನು ಕಲಿಸುತ್ತಿದ್ದರು.

"ತಂತೀನ ಗದರಿಸಬೇಡಿ" ಎನ್ನುವುದು ಅವರ ಮೊದಲ ಪಾಠ. "ಎಲ್ಲಿ ಬಗ್ಗೋಕೆ ಒಪ್ಪುತ್ತೋ ಅಲ್ಲಿ ಬಗ್ಗಿಸಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಂಸೆ ಕೊಟ್ರೆ ಮುರಿಯುತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡಿ."

ಆ ಮಾತು ಅವರ ಅಪ್ಪನದು. ಅಪ್ಪ ತಗಡಿನ ಪೆಟ್ಟಿಗೆ ಮಾಡುತ್ತಿದ್ದವನು. ಮಗಳು, ಮಗ ಇಬ್ಬರೂ ಅವನ ಅಂಗಡಿಯ ಚೂರುಪಾರುಗಳಲ್ಲೇ ಆಡಿ ಬೆಳೆದವರು. ಇಬ್ಬರ ಕೈಯಲ್ಲೂ ಕಸುಬು ಹರಿದುಬಂದಿತ್ತು. ಆದರೆ ಕಲಾ ಕಾಲೇಜಿಗೆ ಕಳಿಸಲು ಸಾಧ್ಯವಿದ್ದದ್ದು ಒಬ್ಬರನ್ನು ಮಾತ್ರ. ಯಾರನ್ನು ಎಂಬ ಚರ್ಚೆಯೇ ಆ ಮನೆಯಲ್ಲಿ ನಡೆಯಲಿಲ್ಲ. ಅಕ್ಕ ಡ್ರಾಯಿಂಗ್ ಪರೀಕ್ಷೆ ಕಟ್ಟಿ ಕೆಲಸಕ್ಕೆ ಸೇರಿದಳು, ತಮ್ಮ ಶಿಲ್ಪ ಕಲಿಯಲು ಹೋದ. ಅಕ್ಕನಿಗೆ ಆಗ ಇದು ಅನ್ಯಾಯವೆಂದೇ ಅನ್ನಿಸಲಿಲ್ಲ. ಒಂದು ಮನೆಗೆ ಒಬ್ಬ ಶಿಲ್ಪಿ ಸಾಕು, ಅವನು ದೊಡ್ಡವನಾದರೆ ತಾನೂ ದೊಡ್ಡವಳಾದ ಹಾಗೆಯೇ ಎಂದುಕೊಂಡಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಇವನದೊಂದು ದಾರಿಯಾಗಲಿ ಎಂದು ಮುಂದೂಡಿದಳು. ಮುಂದೂಡುತ್ತ ಮುಂದೂಡುತ್ತ ಮಾತು ಬರುವುದೇ ನಿಂತುಹೋಯಿತು.

ತಮ್ಮ ದೊಡ್ಡವನಾಗಲಿಲ್ಲ. ಕಾಲೇಜು ಮುಗಿಸಿದ ಹೊಸದರಲ್ಲಿ ಒಂದು ಪ್ರದರ್ಶನ, ಪೇಪರಿನಲ್ಲಿ ಒಂದು ಫೋಟೊ, ಅಷ್ಟೆ. ಆಮೇಲೆ ಮದುವೆಯಾದ, ಹೊಟ್ಟೆ ಬಂತು, ಮನೆಯ ಹಿಂದಿನ ಶೆಡ್ಡಿನಲ್ಲಿ ಅರ್ಧಕ್ಕೆ ಬಿಟ್ಟ ಆಕೃತಿಗಳು ತುಕ್ಕು ಹಿಡಿಯುತ್ತ ನಿಂತವು. ಆದರೂ ಟೀಚರು ಹೊಸಬರು ಯಾರೇ ಸಿಗಲಿ, ಎರಡನೆಯ ಮಾತಿಗೇ "ನನ್ನ ತಮ್ಮ ಶಿಲ್ಪಿ" ಎನ್ನುತ್ತಿದ್ದರು. ಬೆನ್ನ ಹಿಂದೆ ಸಹೋದ್ಯೋಗಿಗಳು ಆ ಮಾತನ್ನು ಅವರದೇ ದನಿಯಲ್ಲಿ ಅನುಕರಿಸಿ ನಗುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಹೀಗಿರುವಾಗ ಆ ವರ್ಷ ತರಗತಿಗೆ ಒಬ್ಬ ಹುಡುಗಿ ಬಂದಳು. ಗೆಳತಿಯರು ಅವಳನ್ನು ಕರೆಯುತ್ತಿದ್ದುದು 'ಇಕ್ಕಳ' ಎಂದು. ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ಇಕ್ಕಳವನ್ನೂ ಬಿಡುತ್ತಿರಲಿಲ್ಲ, ವಾದವನ್ನೂ ಬಿಡುತ್ತಿರಲಿಲ್ಲ. ಲೆಕ್ಕದ ಮೇಷ್ಟರು ಅವಳನ್ನು ಕಂಡರೆ ದಾರಿ ಬದಲಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆಯಿತ್ತು. ಅವಳ ತಾಯಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಹಾಗಾಗಿ ಹುಡುಗಿಯ ಚೀಲದ ತುಂಬ ಯಾವಾಗಲೂ ಬಗ್ಗಿಹೋದ ತಂತಿಯ ಹ್ಯಾಂಗರುಗಳು.

ಮೊದಮೊದಲು ಎಲ್ಲರಂತೆ ಅವಳೂ ಬೆಕ್ಕು, ಮೀನು ಮಾಡಿದಳು. ಚೆನ್ನಾಗಿದ್ದವು, ಅದಕ್ಕಿಂತ ಹೆಚ್ಚೇನೂ ಇಲ್ಲ. ಒಂದು ಮಧ್ಯಾಹ್ನ ಟೀಚರು ಬೇರೆಯವರ ಕೆಲಸ ತಿದ್ದಿ ತಿರುಗಿದರೆ, ಅವಳ ಮೇಜಿನ ಮೇಲೆ ಮೊಳದೆತ್ತರದ ಹೆಂಗಸೊಬ್ಬಳು ನಿಂತಿದ್ದಳು. ಹ್ಯಾಂಗರ್ ತಂತಿಯ ಮೈ, ಸೌಟಿನ ಬಟ್ಟಲಿನ ತಲೆ, ಪೆಟ್ಟಿಗೆಯ ಕೀಲಿನ ಗದ್ದ. ಒಬ್ಬಳೇ ನಿಂತು ದೊಡ್ಡ ಬೆಡ್‌ಶೀಟು ಮಡಿಸುತ್ತಿದ್ದಾಳೆ. ನಡುವನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ಅಗಲಿಸಿ, ಬೆರಳಿನಲ್ಲೇ ಅಂಚು ಹುಡುಕುತ್ತಿದ್ದಾಳೆ. ಬೆಡ್‌ಶೀಟು ಎಣ್ಣೆ ಡಬ್ಬದ ತಗಡು. ಅದನ್ನು ಎಷ್ಟು ತೆಳ್ಳಗೆ ಬಡಿದಿದ್ದಳೆಂದರೆ ಗಾಳಿಗೆ ಅಲುಗೀತು ಅನ್ನಿಸುತ್ತಿತ್ತು. ಡಬ್ಬದ ಮೇಲೆ ಅಚ್ಚಾಗಿದ್ದ ಹೂವು ಮಾಸಿ, ಬಹಳ ಸಲ ಒಗೆದ ಬಟ್ಟೆಯ ಹೂವಿನಂತೆಯೇ ಕಾಣುತ್ತಿತ್ತು.

ಟೀಚರು ಅದರ ಸುತ್ತ ಒಂದು ಸುತ್ತು ಬಂದರು. ತಮ್ಮ ಇಡೀ ನೌಕರಿಯಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ.

"ಇದು ಯಾರು?"

"ಯಾರೂ ಅಲ್ಲ ಟೀಚರ್. ಅಮ್ಮ ಹೀಗೇ ಮಡಿಸೋದು. ಇನ್ನೊಂದು ತುದಿ ಹಿಡಿಯೋಕೆ ಯಾರೂ ಇರಲ್ಲವಲ್ಲ."

ಒಂದು ಹಿಮ್ಮಡಿಯ ಹತ್ತಿರ ಕಟ್ಟು ಸಡಿಲವಾಗಿ ಬೊಂಬೆ ವಾಲುತ್ತಿತ್ತು. ಅಲ್ಲಿಗೊಂದು ಬೆಸುಗೆ ಬೇಕಿತ್ತು. "ನಾನು ಹಾಕಿಸ್ಕೊಂಡು ಬರ್ತೀನಿ" ಎಂದು ಟೀಚರು ಅದನ್ನು ಹಳೆಯ ಟವಲಿನಲ್ಲಿ ಸುತ್ತಿಕೊಂಡರು. ಶಾಲೆಯ ಗೋಡೆಗೆ ತಾಗಿದಂತೆಯೇ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಿತ್ತು. ಯಾವಾಗಲೂ ಅಲ್ಲೇ ಹಾಕಿಸುತ್ತಿದ್ದರು. ಅವತ್ತು ಮಾತ್ರ ಆ ಅಂಗಡಿಯ ಮುಂದೆಯೇ ನಡೆದುಹೋಗಿ ಬಸ್ಸು ಹತ್ತಿದರು.

ಅಕ್ಕ, ತಮ್ಮ, ಅವನ ಹೆಂಡತಿ ಒಟ್ಟಿಗಿದ್ದ ಮನೆಯಲ್ಲಿ ಆಗ ಕಷ್ಟದ ಕಾಲ. ಊರಿನ ಹೊಸ ಆಸ್ಪತ್ರೆಯ ಮುಂದೆ ನಿಲ್ಲಿಸಲು ಒಂದು ಲೋಹಶಿಲ್ಪ ಮಾಡಿಕೊಡುವ ಕೆಲಸ ಎಷ್ಟೋ ವರ್ಷಗಳ ನಂತರ ತಮ್ಮನ ಪಾಲಿಗೆ ಬಂದಿತ್ತು. ಆದರೆ ಅವನು ಬರೆದು ತೋರಿಸಿದ ನಕ್ಷೆಗಳನ್ನು ಸಮಿತಿಯವರು ಒಂದಾದ ಮೇಲೊಂದರಂತೆ ವಾಪಸು ಕಳಿಸುತ್ತಿದ್ದರು. ಕೈಗೆ ಬಂದದ್ದು ಬಾಯಿಗೆ ಬಾರದೆ ಹೋಗುವ ಹಾಗಿತ್ತು. ಅವನು ಊಟಕ್ಕೆ ಕೂತರೆ ಸಿಡಿಮಿಡಿ, ಎದ್ದರೆ ಸಿಡಿಮಿಡಿ. ಅವನ ಹೆಂಡತಿ ಪಾತ್ರೆಯನ್ನು ಸದ್ದಾಗದಂತೆ ಇಡುವುದನ್ನು ಕಲಿತಿದ್ದಳು.

ಟೀಚರು ಬೊಂಬೆಯನ್ನು ಶೆಡ್ಡಿಗೆ ಒಯ್ಯಲಿಲ್ಲ. ಊಟದ ಮೇಜಿನ ಮೇಲೆ, ದೀಪದ ಕೆಳಗೆ ನಿಲ್ಲಿಸಿ, ಟವಲು ತೆಗೆದರು.

ಲೋಟ ಹಿಡಿದಿದ್ದ ತಮ್ಮ ಹಾಗೇ ನಿಂತ. "ಯಾರು ಮಾಡಿದ್ದು?"

"ಒಬ್ಬಳು ಹುಡುಗಿ. ಹಿಮ್ಮಡಿ ಬಿಟ್ಕೊಂಡಿದೆ, ಒಂದು ಬೆಸುಗೆ ಹಾಕ್ಕೊಡ್ತೀಯಾ?"

"ಇಲ್ಲೇ ಇರಲಿ ಬಿಡು."

ಒಂದು ಬೆಸುಗೆಗೆ ಒಂದು ಗಳಿಗೆ ಸಾಕು. ಬೊಂಬೆ ವಾರಗಟ್ಟಲೆ ಶೆಡ್ಡಿನಲ್ಲೇ ಉಳಿಯಿತು. "ಎಲ್ಲಿ ಟೀಚರ್ ನಂದು?" ಎಂದು ಇಕ್ಕಳ ಕೇಳಿದಾಗಲೆಲ್ಲ ಟೀಚರು "ನಾಳೆ, ನಾಳೆ" ಎಂದರು. ಒಂದು ದಿನ ಒಣಗಿದ ಬಟ್ಟೆ ತರಲು ಹಿಂದಕ್ಕೆ ಹೋದವರು ಶೆಡ್ಡಿನ ಕಿಟಕಿಯಲ್ಲಿ ಇಣುಕಿದರು. ಗೋಡೆಯ ತುಂಬ ಅವಳೇ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಅಗಲಿಸಿದ ಕೈಗಳು, ಇಳಿಬಿದ್ದ ಬಟ್ಟೆ. ಸ್ಟೂಲಿನ ಮೇಲೆ ಕೂತು ತಮ್ಮ ಸಿಳ್ಳೆ ಹಾಕುತ್ತ ಬರೆಯುತ್ತಿದ್ದ. ಅವನು ಸಿಳ್ಳೆ ಹಾಕಿದ್ದನ್ನು ಅವರು ಕೇಳಿ ಯಾವ ಕಾಲವಾಗಿತ್ತೋ.

ಒಳಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಟೀಚರು ಬಟ್ಟೆ ಎತ್ತಿಕೊಂಡು ಬಂದರು. ಮಂಚದ ಮೇಲೆ ಹಾಕಿ ಒಂದೊಂದಾಗಿ ಮಡಿಸುತ್ತ, ಕಲಾವಿದರು ಒಬ್ಬರಿಂದೊಬ್ಬರು ಪ್ರೇರಣೆ ಪಡೆಯುವುದು ಇದ್ದದ್ದೇ ಅಲ್ಲವೇ, ಎಂದು ತಮಗೆ ತಾವೇ ಹೇಳಿಕೊಂಡರು. ಅವನು ಬಹಳ ಬದಲಾಯಿಸುತ್ತಾನೆ ಎಂದುಕೊಂಡರು. ಮಾಡಿ ಮುಗಿಸುವ ಹೊತ್ತಿಗೆ ಗುರುತೇ ಸಿಗದು ಎಂದುಕೊಂಡರು. ಆ ವಾರ ತಮ್ಮ ತನ್ನ ಹೆಂಡತಿಯನ್ನು ನಗಿಸಿದ. ಅಕ್ಕನಿಗೆ ತಾನೇ ಕುರ್ಚಿ ಎಳೆದುಕೊಟ್ಟ. ಬೊಂಬೆ, ಹಿಮ್ಮಡಿಗೆ ಬೆಸುಗೆ ಬಿದ್ದು, ಶಾಲೆಗೆ ವಾಪಸಾಯಿತು.

ಆಸ್ಪತ್ರೆಯ ಶಿಲ್ಪದ ಅನಾವರಣಕ್ಕೆ ಹೆಡ್‌ಮಾಸ್ಟರು ಇಡೀ ತರಗತಿಯನ್ನು ಸಾಲಾಗಿ ನಡೆಸಿಕೊಂಡು ಹೋದರು. ನಮ್ಮ ಟೀಚರ ತಮ್ಮನ ಕೆಲಸ, ನಮಗೂ ಹೆಮ್ಮೆ ಎಂದು ಅವರ ಉತ್ಸಾಹ. ಟೀಚರು ತಲೆನೋವೆಂದರೂ ಬಿಡಲಿಲ್ಲ. ಭಾಷಣಗಳಾದವು. ಬಟ್ಟೆ ಸರಿಯಿತು. ಎರಡಾಳೆತ್ತರದ ಹೆಂಗಸು, ಗುಜರಿ ಕಬ್ಬಿಣದವಳು, ಕೈ ಅಗಲಿಸಿ ಹೊದಿಕೆಯೊಂದನ್ನು ಹಿಡಿದು ನಿಂತಿದ್ದಳು. ಕೆಳಗೆ ಕಲ್ಲಿನ ಮೇಲೆ 'ಆಸರೆ' ಎಂದೂ ಅದರಡಿ ತಮ್ಮನ ಹೆಸರನ್ನೂ ಕೊರೆಯಲಾಗಿತ್ತು. ಜನ ಚಪ್ಪಾಳೆ ತಟ್ಟಿದರು.

ಹುಡುಗಿಯರು ಚಪ್ಪಾಳೆ ತಟ್ಟಲಿಲ್ಲ. ಮೊದಲು ಶಿಲ್ಪವನ್ನು ನೋಡಿದರು, ಆಮೇಲೆ ಗೆಳತಿಯನ್ನು ನೋಡಿದರು, ಕೊನೆಗೆ ಟೀಚರನ್ನು ನೋಡಿದರು. ಟೀಚರು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದರು.

ಬಗ್ಗಿದಲ್ಲಿಗೇ ಇಕ್ಕಳ ಬಂದು ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳುವ ದನಿಯೇ ಇತ್ತು.

"ಟೀಚರ್, ಇವಳು ಆಕಾಶ ನೋಡ್ತಿದಾಳೆ."

"ಹೂಂ."

"ಗದ್ದ ಎತ್ತಿದ್ರೆ ಬೆಡ್‌ಶೀಟು ಬಿದ್ದುಹೋಗುತ್ತೆ. ನಿಮ್ಮ ತಮ್ಮನವರು ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಟೀಚರು ಆ ಪಟ್ಟಿಯನ್ನು ಬಹಳ ಹೊತ್ತು ಸರಿಮಾಡಿದರು.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಮನೆಯೊಳಗಿನ ಪಾಪವಾಗಿ, ಯಾರಿಗೂ ಕಾಣದೆ ಉಳಿದುಬಿಡುತ್ತಿತ್ತೋ ಏನೋ. ಆದರೆ ಶಾಲೆಗಳ ಕಲಾ ಸ್ಪರ್ಧೆಗೆ ಇಕ್ಕಳ ಮಾಡಿದ ಬೊಂಬೆಯನ್ನು ಟೀಚರೇ ಮೊದಲು ಆರಿಸಿಟ್ಟಿದ್ದರು. ಗೆದ್ದವರಿಗೆ ಕಲಾ ಕಾಲೇಜಿನಲ್ಲಿ ನೇರ ಪ್ರವೇಶ. ಟೀಚರ ಕಾಲದಲ್ಲಿ ಅಂಥದ್ದೊಂದು ಬಾಗಿಲು ಇರಲಿಲ್ಲ. ಇವಳಿಗಾದರೂ ತೆರೆಯಲಿ ಎಂದು ಮನಸಾರೆ ಬಯಸಿದ್ದರು. ಆ ಬಯಕೆಯೂ ಸುಳ್ಳಾಗಿರಲಿಲ್ಲ, ಅದೇ ವಿಚಿತ್ರ.

ತೀರ್ಪುಗಾರರು ಶಾಲೆಗೇ ಬಂದರು. ಬೆಕ್ಕು, ಮೀನು, ಚೈನಿನ ಹಾವುಗಳನ್ನೆಲ್ಲ ನೋಡುತ್ತ ಬಂದು ಬೆಡ್‌ಶೀಟಿನ ಹೆಂಗಸಿನ ಮುಂದೆ ನಿಂತರು. ಹಿರಿಯ ತೀರ್ಪುಗಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ಆಸ್ಪತ್ರೆ ಮುಂದಿನದಲ್ವಾ?"

"ಅದೇ ಸರ್" ಎಂದರು ಹೆಡ್‌ಮಾಸ್ಟರು, ಹಲ್ಲು ಕಿರಿಯುತ್ತ. "ಅದು ನಮ್ಮ ಟೀಚರ ತಮ್ಮನವರೇ ಮಾಡಿದ್ದು."

"ಅದು ಸರಿ. ಆದ್ರೆ ಸ್ಪರ್ಧೆಗೆ ಸ್ವಂತದ್ದು ಬೇಕು ಅಲ್ವಾ? ಕಾಪಿ ಹೊಡೆದದ್ದನ್ನ ಹೇಗೆ ತಗೊಳ್ಳೋದು?"

"ನಾನು ಮೊದಲು ಮಾಡಿದ್ದು" ಎಂದಳು ಇಕ್ಕಳ. "ಟೀಚರ್‌ನ ಕೇಳಿ."

ಕೋಣೆಯೆಲ್ಲ ಟೀಚರ ಕಡೆ ತಿರುಗಿತು. ತೀರ್ಪುಗಾರರು ಸೌಮ್ಯವಾಗಿಯೇ ಕೇಳಿದರು: "ಏನಮ್ಮ, ಮಗು ನಿಮ್ಮ ತಮ್ಮನವರ ಕೆಲಸ ನೋಡಿ ಮಾಡಿದ್ದಾ?"

ಹೌದು ಎಂದರೆ ಹುಡುಗಿ ಕಳ್ಳಿ, ಇಲ್ಲ ಎಂದರೆ ತಮ್ಮ ಕಳ್ಳ. ಅಷ್ಟು ಕಾಲ ಕಾದು ಬಂದ ಒಂದು ಕೆಲಸ, ಕಲ್ಲಿನ ಮೇಲೆ ಕೊರೆದ ಅವನ ಹೆಸರು, ಅವನ ಸಿಳ್ಳೆ, ಎಲ್ಲ ಈಗ ಟೀಚರ ಒಂದು ಮಾತಿನ ಮೇಲೆ ನಿಂತಿದ್ದವು.

"ದೊಡ್ಡವರನ್ನ ನೋಡೇ ಅಲ್ವಾ ಸರ್ ಮಕ್ಕಳು ಕಲಿಯೋದು" ಎಂದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಎರಡೂ ಕಡೆಗೆ ಬೆಳಕಾಗಬಹುದೆಂದು ಅವರು ಆಸೆಪಟ್ಟಿದ್ದರೋ ಏನೋ. ತೀರ್ಪುಗಾರರು ತಲೆಯಾಡಿಸಿ ಮುಂದಿನ ಮೇಜಿಗೆ ಹೋದರು. ಬಹುಮಾನ ಚೈನಿನ ಹಾವಿಗೆ ಬಂತು.

ಇಕ್ಕಳ ಅಳಲಿಲ್ಲ, ವಾದಿಸಲೂ ಇಲ್ಲ. ಅವಳು ವಾದ ಬಿಟ್ಟದ್ದನ್ನು ಗೆಳತಿಯರು ಕಂಡದ್ದು ಅದೇ ಮೊದಲು. ತನ್ನ ಮೇಜಿನ ಮೇಲಿನ ತಂತಿ ಚೂರುಗಳನ್ನು ಡಬ್ಬಿಗೆ ಬಳಿದು, ಶಾಲೆಯ ಇಕ್ಕಳವನ್ನು ಮೊಳೆಗೆ ತೂಗುಹಾಕಿ, ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಮಾರನೆಯ ದಿನ ಹೊಲಿಗೆ ತರಗತಿಯಲ್ಲಿ ಕೂತಿದ್ದಳು.

ಆ ವಾರದ ಕೊನೆಗೆ ಅವಳ ತಾಯಿ ಬಂದಳು. ಕೆಲಸದ ನಡುವೆ ಎದ್ದು ಬಂದವಳು. ಮುಂಗೈಯ ಮೇಲೆ ಇಸ್ತ್ರಿಪೆಟ್ಟಿಗೆಯ ಹಳೆಯ ಸುಟ್ಟ ಗುರುತುಗಳು. ಮಕ್ಕಳಿಲ್ಲದ ಕೋಣೆಯಲ್ಲಿ ಟೀಚರು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಒಂದು ಮಾತು ಕೇಳೋಣ ಅಂತ ಬಂದೆ ಟೀಚರ್. ನನ್ನ ಮಗಳು ಕದ್ದಳಾ?"

"ಇಲ್ಲ."

"ನಿಮಗೆ ಖಾತ್ರಿನಾ?"

"ಖಾತ್ರಿ. ಅವಳದೇ ಮೊದಲು."

ತಾಯಿಯ ಮುಖ ಸ್ವಲ್ಪ ಸಡಿಲವಾಯಿತು. "ನಾನೂ ಅದೇ ಅಂದ್ಕೊಂಡೆ. ಮತ್ತೆ ಅದನ್ನೇ ಎಲ್ಲರ ಮುಂದೆ ಹೇಳಿಬಿಡಿ. ಅಷ್ಟೇ ಸಾಕು. ಬಹುಮಾನ ಬೇಡ. ಹುಡುಗಿ ಊಟ ಬಿಟ್ಟಿದಾಳೆ."

ಟೀಚರು ಮೇಜಿನ ಮೇಲಿದ್ದ ತಂತಿ ಉಜ್ಜುವ ಅರವನ್ನು ಎತ್ತಿ, ಇನ್ನೊಂದು ಕಡೆ ಇಟ್ಟರು. "ಅದು ಅಷ್ಟು ಸುಲಭ ಅಲ್ಲ. ನಮ್ಮ ಮನೇಲಿ..."

"ಒಡಹುಟ್ಟಿದವನು. ಗೊತ್ತಾಗುತ್ತೆ" ಎಂದಳು ತಾಯಿ. ಚುಚ್ಚುವ ದನಿಯಲ್ಲ, ನಿಜವಾಗಿಯೂ ಗೊತ್ತಾದವರ ದನಿ. "ನಿಮಗೆ ತಮ್ಮ, ನನಗೆ ಮಗಳು. ಅವರವರಿಗೆ ಅವರವರು." ಕಪಾಟಿನ ಮೇಲಿದ್ದ ಬೊಂಬೆಯನ್ನು ಕಂಡು ಹತ್ತಿರ ಹೋದಳು. ಮುಟ್ಟಲಿಲ್ಲ. ತನ್ನದೇ ನಿಲುವನ್ನು ಒಂದು ಕ್ಷಣ ನೋಡಿ, "ಇದನ್ನ ತಗೊಂಡು ಬಾ ಅಂದಿಲ್ಲ ಅವಳು. ಇಟ್ಕೊಳ್ಳಿ" ಎಂದು ಹೋದಳು.

ಟೀಚರು ಅವತ್ತು ಮನೆಗೆ ಹೋದವರೇ ನೇರ ಶೆಡ್ಡಿಗೆ ನಡೆದರು. ತಮ್ಮ ಅಲ್ಲಿ ಹೊಸದೊಂದು ಕೆಲಸಕ್ಕೆ ಸರಳು ಕತ್ತರಿಸುತ್ತಿದ್ದ. 'ಆಸರೆ'ಯ ನಂತರ ಅವನಿಗೆ ಕೆಲಸಗಳು ಬರತೊಡಗಿದ್ದವು.

"ನೀನು ಆ ಹುಡುಗಿ ಹೆಸರು ಹೇಳಬೇಕಿತ್ತು" ಎಂದರು.

"ಯಾವ ಹುಡುಗಿ?" ಎಂದ ಮೊದಲು. ಅಕ್ಕ ಅಲ್ಲಿಂದ ಕದಲದ್ದನ್ನು ನೋಡಿ ಗರಗಸ ಕೆಳಗಿಟ್ಟ. "ನೋಡಕ್ಕ, ಅದು ಒಂದು ಬೊಂಬೆ. ನಾನು ಅದನ್ನ ಶಿಲ್ಪ ಮಾಡಿದೆ. ಎರಡಕ್ಕೂ ವ್ಯತ್ಯಾಸ ಇದೆ."

"ಕದ್ದದ್ದಕ್ಕೆ ಹೊಸ ಹೆಸರು ಇಟ್ಟೆ, ಅಷ್ಟೇ ವ್ಯತ್ಯಾಸ."

ಅವನ ಮುಖ ಕೆಂಪಾಯಿತು. ಆದರೆ ದನಿ ಏರಿಸಲಿಲ್ಲ. "ನಿಮ್ಮ ಸ್ಕೂಲ್ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇದೆ. ಇದೊಂದನ್ನ ಮಾತ್ರ ಯಾಕೆ ಹೊತ್ಕೊಂಡು ಮನೆಗೆ ಬಂದೆ? ಶೆಡ್ಡಿಗಾದ್ರೂ ತಂದ್ಯಾ? ಊಟದ ಮೇಜಿನ ಮೇಲೆ, ನನ್ನ ತಟ್ಟೆ ಪಕ್ಕ ಇಟ್ಟೆ. ಬಡಿಸಿದವಳು ನೀನು, ತಿಂದವನು ನಾನು. ಈಗ ಬಂದು ಎಂಜಲು ಅಂದ್ರೆ?"

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಹೋಗಿ ಹೇಳೋದಾದ್ರೆ ಹೇಳು, ನಾನೇನು ಕೈ ಹಿಡಿಯಲ್ಲ" ಎಂದ ಅವನು, ಗರಗಸ ಎತ್ತಿಕೊಂಡು. ಅಕ್ಕ ಹೇಳುವುದಿಲ್ಲ ಎಂಬುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ಮುಂದಿನ ವರ್ಷ ಹೆಡ್‌ಮಾಸ್ಟರಿಗೆ ಹೊಸ ಯೋಚನೆ ಬಂತು. ಊರಿಗೇ ಹೆಸರಾದ ಶಿಲ್ಪಿ ನಮ್ಮ ಟೀಚರ ಮನೆಯಲ್ಲೇ ಇರುವಾಗ ವಾರಕ್ಕೊಮ್ಮೆ ಅವರಿಂದಲೇ ಯಾಕೆ ಪಾಠ ಮಾಡಿಸಬಾರದು? ಟೀಚರು ಎಷ್ಟು ವರ್ಷ ಕೇಳಿದರೂ ಸಿಗದಿದ್ದದ್ದೆಲ್ಲ ಆಗ ತಾನಾಗಿಯೇ ಬಂತು. ಹೊಸ ಮೇಜುಗಳು ಬಂದವು, ತಗಡು ಕತ್ತರಿಸುವ ಯಂತ್ರ ಬಂತು, ಬಾಗಿಲಿಗೆ 'ಶಿಲ್ಪಶಾಲೆ' ಎಂಬ ಬೋರ್ಡೂ ಬಂತು. ತಮ್ಮ ಮಾತುಗಾರ, ಹುಡುಗಿಯರಿಗೆ ಮೊದಲ ದಿನವೇ ಹಿಡಿಸಿದ. ಟೀಚರು ಬಾಗಿಲ ಬಳಿ ಹಾಜರಿ ಹಿಡಿದು ನಿಂತಿದ್ದಾಗ ಅವನು ಹೇಳುತ್ತಿದ್ದ: "ತಂತೀನ ಗದರಿಸಬೇಡಿ. ಎಲ್ಲಿ ಬಗ್ಗೋಕೆ ಒಪ್ಪುತ್ತೋ ಅಲ್ಲಿ ಬಗ್ಗಿಸಿ." ಮಕ್ಕಳು ಬರೆದುಕೊಂಡರು. ಅದನ್ನು ಕದ್ದ ಎನ್ನುವ ಹಾಗೂ ಇರಲಿಲ್ಲ. ಅಪ್ಪ ಅವನಿಗೂ ಅಪ್ಪನೇ.

ಅವತ್ತು ಟೀಚರಿಗೆ ಏನಾಯಿತೋ, ನೇರ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎಲ್ಲವನ್ನೂ ಹೇಳಿಬಿಟ್ಟರು. ಬೊಂಬೆ ಯಾರದು, ಮನೆಗೆ ತಂದವರು ಯಾರು, ತೀರ್ಪುಗಾರರ ಮುಂದೆ ತಾವು ನುಂಗಿದ್ದೇನು, ಎಲ್ಲ. ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ ಕೇಳಿಸಿಕೊಂಡರು.

"ಯಾಕೆ ಟೀಚರ್, ಮನೇಲಿ ಜಗಳ ಆಯ್ತಾ?" ಎಂದರು ಕೊನೆಗೆ.

"ಜಗಳ ಅಲ್ಲ ಸರ್. ನಿಜ."

"ನಿಜ ಇರಬಹುದು. ಆದ್ರೆ ಕೋಟೆ ಸೂರೆ ಹೋದ ಮೇಲೆ ಬಾಗಿಲು ಹಾಕಿದ್ರೆ ಏನು ಬಂತು? ಆ ಹುಡುಗಿ ಶಾಲೆ ಬಿಟ್ಟು ಹೋಗಿಯೂ ಆಯ್ತು. ನಿಮ್ಮ ತಮ್ಮ ಈಗ ನಮ್ಮ ಶಾಲೆ ಹೆಸರು. ನೀವು ನನಗೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ. ಹೋಗಿ, ಗಂಟೆ ಹೊಡೀತು."

ಆದರೂ ಹೇಳಿದೆನಲ್ಲ ಎಂಬ ಹಗುರ ಅವರಿಗೆ ಒಂದೆರಡು ದಿನ ಇತ್ತು. ಅದನ್ನು ಮುಟ್ಟಿಸಬೇಕಾದವಳಿಗೆ ಮುಟ್ಟಿಸೋಣವೆಂದು, ಮನೆಯ ಕಿಟಕಿ ಪರದೆಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಆ ಲಾಂಡ್ರಿಗೆ ಹೋದರು. ಇಕ್ಕಳ ಈಗ ಅಲ್ಲಿಯ ಕೌಂಟರಿನಲ್ಲಿ ಕೂರುತ್ತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ಒಳಗಿನಿಂದ ಹಬೆ ಬರುತ್ತಿತ್ತು. ಅವಳು ಬಟ್ಟೆಗಳಿಗೆ ಗುರುತಿನ ಚೀಟಿ ಚುಚ್ಚುತ್ತ, ತಲೆ ಎತ್ತಿ, "ಬನ್ನಿ ಟೀಚರ್" ಎಂದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ.

"ಹೆಡ್‌ಮಾಸ್ಟರಿಗೆ ಹೇಳಿದೆ" ಎಂದರು ಟೀಚರು. ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡದ್ದೆಲ್ಲ ಎಲ್ಲೋ ಉದುರಿಹೋಗಿತ್ತು. "ಎಲ್ಲಾ ಹೇಳಿದೆ. ನಿಂದೇ ಮೊದಲು ಅಂತ."

ಇಕ್ಕಳ ಚೀಟಿ ಚುಚ್ಚುವುದನ್ನು ನಿಲ್ಲಿಸಿದಳು. "ಬೇರೆ ಯಾರಿದ್ರು ಅಲ್ಲಿ?"

"ಅವರೊಬ್ಬರೇ."

"ಬಾಗಿಲು ತೆಗೆದಿತ್ತಾ ಟೀಚರ್?"

ಸುಳ್ಳು ಹೇಳಬಹುದಿತ್ತು. "ಹಾಕಿತ್ತು" ಎಂದರು.

ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಚೀಲದಿಂದ ಪರದೆಗಳನ್ನು ತೆಗೆದು, ಕಲೆಯಿದ್ದ ಜಾಗಗಳನ್ನು ಬೆಳಕಿಗೆ ಹಿಡಿದು ನೋಡಿ, ಬುಟ್ಟಿಗೆ ಹಾಕಿದಳು. ಹಿಂದೆ ಇನ್ನೊಬ್ಬ ಗಿರಾಕಿ ಕೋಟು ಹಿಡಿದು ಕಾಯುತ್ತಿದ್ದ.

"ಈ ಕಲೆ ಪೂರ್ತಿ ಹೋಗಲ್ಲ" ಎಂದಳು. "ಗುರುವಾರ ಸಂಜೆ ಬನ್ನಿ."

ಗುರುವಾರ ಪರದೆ ತರಲು ಟೀಚರು ತಮ್ಮನ ಹೆಂಡತಿಯನ್ನು ಕಳಿಸಿದರು.